ಊರು ಹಿಡಿಸಿದ್ದಕ್ಕೇ ಬೆಂಗಳೂರಲ್ಲಿ ನೆಲೆಸುತ್ತೇವಾ?

ಪರ: ಹಿಡಿಸಿತು, ಅದಕ್ಕೇ ಉಳಿದೆ

ಕೆಲಸ ನಮ್ಮನ್ನು ಕರೆತರುತ್ತದೆ, ನಿಜ. ಉಳಿಸಿಕೊಳ್ಳಬೇಕಾದ್ದು ಊರು. ಹಾವೇರಿಯಿಂದ ಬಂದಾಗ ಎರಡು ವರ್ಷ ದುಡಿದು ವಾಪಸ್ ಹೋಗೋದು ಅಂತಲೇ ಇದ್ದೆ. ಮೊದಲ ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋದೆ. ಸೇರಿನಲ್ಲಿ ಕಾಯಿ ಅಳೆಯುತ್ತಿದ್ದ ಅಜ್ಜಿ ನನ್ನ ಮಾತು ಕೇಳಿ, ‘ಯಾವ ಕಡೆಯವಳಮ್ಮ ನೀನು?’ ಅಂದರು. ಹಾವೇರಿ ಅಂದೆ. ‘ಅಷ್ಟು ದೂರದಿಂದ ಬಂದಿದೀಯ’ ಅಂತ ಒಂದು ಹಿಡಿ ಕೊಸರು ಹಾಕಿದರು. ಚೀಲ ಹಿಡಿದು ನಡೆಯುವಾಗ ಮೊದಲ ಸಲ ಇದು ನನ್ನೂರು ಅನ್ನಿಸಿತು.

ಆಮೇಲೆ ಮೆಟ್ರೊ. 2011ರಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆವರೆಗಷ್ಟೇ ಇದ್ದ ದಾರಿ ಈಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್ ತನಕ ಇದೆ. ಎಷ್ಟೋ ರಾತ್ರಿ ಹತ್ತಕ್ಕೆ ಒಬ್ಬಳೇ ಇಳಿದು ಮನೆಗೆ ನಡೆದಿದ್ದೇನೆ. ಹೆಣ್ಣುಮಕ್ಕಳಿಗೆ ಇದು ಸಣ್ಣ ಮಾತಲ್ಲ.

2020ರ ಲಾಕ್‌ಡೌನ್‌ನಲ್ಲಿ ಊರಿಗೆ ಹೋಗಿ ಅಲ್ಲಿಂದಲೇ ಕೆಲಸ ಮಾಡಿದೆ. ಅಮ್ಮನ ಕೈಯಡುಗೆ, ಅದೇ ಸಂಬಳ, ಬಾಡಿಗೆ ಇಲ್ಲ. ಅಲ್ಲೇ ಇರಬಹುದಿತ್ತು, ಯಾರೂ ಬಾ ಅನ್ನಲಿಲ್ಲ. ಆದರೂ ಬಂದೆ. ಹಿಡಿಸದಿದ್ದರೆ ಬರುತ್ತಿದ್ದೆನಾ?

ವಿರೋಧ: ಹಿಡಿಸಿದರೆ ಸಾಲದು

ಬೆಂಗಳೂರು ನನಗೂ ಇಷ್ಟ. ಆದರೆ ಯಾರು ಉಳಿಯುತ್ತಾರೆ, ಯಾರು ಹೋಗುತ್ತಾರೆ ಅನ್ನೋದನ್ನು ಇಷ್ಟ ತೀರ್ಮಾನಿಸುವುದು ಬಹಳ ಕಡಿಮೆ.

2024ರ ಬೇಸಿಗೆ ನೆನಪಿದೆ ಅಲ್ವಾ? ನಮ್ಮ ಅಪಾರ್ಟ್‌ಮೆಂಟಿನ ಬೋರ್‌ವೆಲ್ ಬತ್ತಿತ್ತು. ದಿನಕ್ಕೆ ಒಂದು ಗಂಟೆ ಟ್ಯಾಂಕರ್ ನೀರು. ಪಾತ್ರೆ ತೊಳೆದ ನೀರನ್ನು ಬಕೆಟ್‌ನಲ್ಲಿ ಹಿಡಿದು ಕಕ್ಕಸಿಗೆ ಹಾಕುತ್ತಿದ್ದೆವು. ಈ ಊರೇ ಬೇಡ ಅಂತ ಮೀಟಿಂಗ್‌ನಲ್ಲಿ ಕೂಗಾಡದವರೇ ಇಲ್ಲ. ಮನೆ ಮಾರಿದವರು? ಒಬ್ಬರೂ ಇಲ್ಲ. ಇಪ್ಪತ್ತು ವರ್ಷದ ಸಾಲ, ಎಂಟನೇ ಕ್ಲಾಸಿನ ಮಗಳು, ಇಲ್ಲಿನ ಡಾಕ್ಟರನ್ನೇ ನಂಬಿರೋ ಅತ್ತೆ. ಹೋಗೋದಾದರೂ ಎಲ್ಲಿಗೆ? ಹೊರವಲಯದ 110 ಹಳ್ಳಿಗಳಿಗೆ ನೀರು ಕೊಡುವ ಕಾವೇರಿ ಐದನೇ ಹಂತ ಶುರುವಾಗಿದ್ದು ಆ ವರ್ಷದ ಅಕ್ಟೋಬರ್‌ನಲ್ಲಿ. ಅಲ್ಲಿವರೆಗೆ ಹಲ್ಲು ಕಚ್ಚಿ ಕೂತೆವು. ಅದನ್ನು ತೃಪ್ತಿ ಅಂತ ಕರೆಯಲು ನನಗೆ ಮನಸ್ಸಿಲ್ಲ.

ಇನ್ನೊಂದು ಕಡೆ, ನಮ್ಮ ರಸ್ತೆಯ ಟೈಲರ್. ಇಪ್ಪತ್ತೆರಡು ವರ್ಷ ಇಲ್ಲೇ ಹೊಲಿದವರು. ಅವರಷ್ಟು ಈ ಊರನ್ನು ಪ್ರೀತಿಸಿದವರನ್ನು ನಾನು ನೋಡಿಲ್ಲ. ಓನರ್ ಮನೆ ಖಾಲಿ ಮಾಡಿಸಿದರು. ಹೊಸ ಮನೆಗೆ ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್, ಅಂಗಡಿಗೆ ಬೇರೆ. ಎಲ್ಲಿಂದ ತರೋದು? ತುರುವೇಕೆರೆ ಕಡೆಯ ಊರಿಗೆ ಹೊರಟರು. ಮೆಷಿನ್ ಟೆಂಪೋಗೆ ಹತ್ತಿಸಿದ ಮೇಲೆ ಒಂದು ಹಳೇ ನೋಟ್‌ಬುಕ್ ನನ್ನ ಕೈಗಿಟ್ಟರು. ‘ರಸ್ತೆಯವರದೆಲ್ಲ ಅಳತೆ ಇದರಲ್ಲಿದೆ ಸಾರ್. ಯಾರಾದ್ರೂ ಕೇಳಿದ್ರೆ ಕೊಡಿ.’