ನೀರಿಲ್ಲದಿದ್ದರೂ ಅದು ಕೆರೆಯೇ

"ಹತ್ತು ವರ್ಷ ನೀರು ನಿಲ್ಲದ ಕೆರೆ ಕಾನೂನಿನಲ್ಲಿ ಕೆರೆಯಲ್ಲ, ಸೈಟು ಮಾಡಬಹುದು." ಈ ಮೆಸೇಜು ನಿಮ್ಮ ಗ್ರೂಪಿಗೂ ಬಂದಿರಬಹುದು. ಇದು ತಪ್ಪು. ಇಂಥ ಹತ್ತು ವರ್ಷದ ಲೆಕ್ಕ ಕಾನೂನಿನಲ್ಲಿಲ್ಲ.

ಕರ್ನಾಟಕದ 2014ರ ಕೆರೆ ಸಂರಕ್ಷಣಾ ಕಾಯ್ದೆಯ ಪ್ರಕಾರ, ನೀರಿರಲಿ ಬಿಡಲಿ, ಕಂದಾಯ ದಾಖಲೆಯಲ್ಲಿ ಸರ್ಕಾರಿ ಕೆರೆ, ಖರಾಬು ಕೆರೆ, ಕುಂಟೆ, ಕಟ್ಟೆ ಎಂದು ಏನೇ ಹೆಸರಿದ್ದರೂ ಅದು ಕೆರೆಯೇ. ಏರಿ, ತೂಬು, ಕೋಡಿ, ರಾಜಕಾಲುವೆಯೂ ಅದರೊಳಗೇ ಬರುತ್ತವೆ.

ಇದಕ್ಕೆ ಕಾರಣವೂ ಇದೆ. ನಮ್ಮ ಬಯಲುಸೀಮೆಯ ಕೆರೆಗಳು ಮಳೆ ನಂಬಿದವು. ಬೇಸಿಗೆಯಲ್ಲಿ ಅಂಗಳ ಬಿರುಕು ಬಿಟ್ಟು, ಜಾಲಿ ಬೆಳೆದು, ದನ ಮೇಯುತ್ತಿರುತ್ತವೆ. ನಾಲ್ಕು ಜೋರು ಮಳೆಯಾದರೆ ಅದೇ ಜಾಗದಲ್ಲಿ ನೀರು. ಮೇಲಿನ ಕೆರೆ ಕೋಡಿ ಬಿದ್ದರೆ ಆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗಬೇಕು, ಅಲ್ವಾ? ನಡುವೆ ಮನೆ ಎದ್ದಿದ್ದರೆ ಮನೆಯೊಳಗೇ ನುಗ್ಗುತ್ತದೆ. 2022ರಲ್ಲಿ ಬೆಂಗಳೂರಿನ ಪೂರ್ವ ಭಾಗದ ಬಡಾವಣೆಗಳಲ್ಲಿ ಟ್ರ್ಯಾಕ್ಟರ್ ಹತ್ತಿ ಹೊರಬಂದ ಜನರನ್ನು ನೋಡಿದ್ದೇವೆ.

ಸೈಟು ಕೊಳ್ಳುವ ಮುಂಚೆ ಸುಮ್ನೆ ಬ್ರೋಕರ್ ಮಾತು ನಂಬಬೇಡಿ. ಸರ್ವೆ ನಂಬರ್ ಹಿಡಿದು ಹಳೆಯ ಗ್ರಾಮ ನಕ್ಷೆ ನೋಡಿ. ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲೂ ಕೆರೆ, ಕಾಲುವೆ ಕಾಣಿಸುತ್ತವೆ. ಒತ್ತುವರಿ ಕಂಡರೆ ತಹಶೀಲ್ದಾರರಿಗೆ ಬರೆದುಕೊಟ್ಟು, ಸ್ವೀಕೃತಿ ಪಡೆಯಿರಿ.