ಬಾಯ್ಲರ್ ಕೆಟ್ಟ ದಿನ ಹೊರಟ ಇಂಗ್ಲಿಷ್

ಕಳೆದ ಜನವರಿಯಲ್ಲಿ ನಮ್ಮ ಬಾಡಿಗೆ ಮನೆಯ ಬಾಯ್ಲರ್ ಕೆಟ್ಟಿತು. ನಾವಿರುವುದು ಇಂಗ್ಲೆಂಡಿನ ಉತ್ತರಕ್ಕಿರುವ ನ್ಯೂಕಾಸಲ್‌ನಲ್ಲಿ. ಆ ತಿಂಗಳು ಇಲ್ಲಿ ಸಂಜೆ ನಾಲ್ಕಕ್ಕೆಲ್ಲ ಕತ್ತಲು. ಬಿಸಿನೀರಿಲ್ಲ, ಮನೆ ಐಸ್ ಪೆಟ್ಟಿಗೆ, ನಾಲ್ಕು ವರ್ಷದ ಮಗಳು ಎರಡೆರಡು ಸ್ವೆಟರ್ ಹಾಕಿಕೊಂಡು ಮಲಗುತ್ತಿದ್ದಳು. ನಾನು ಮನೆ ಏಜೆಂಟನಿಗೆ ಮೂರು ದಿನ ಮೂರು ಈಮೇಲ್ ಕಳಿಸಿದೆ. ಮೂರರ ಕೊನೆಯಲ್ಲೂ 'ಕೈಂಡ್ಲಿ ಡು ದ ನೀಡ್‌ಫುಲ್' ಅಂತ ಹಾಕಿದ್ದೆ. ವ್ಯಾಕರಣ ಒಂದೂ ತಪ್ಪಿರಲಿಲ್ಲ. ಉತ್ತರವೂ ಬರಲಿಲ್ಲ.

ನಾಲ್ಕನೇ ದಿನ ನಮ್ಮನೆಯವಳು ಫೋನ್ ಕಿತ್ತುಕೊಂಡಳು. ಏಜೆಂಟ್ ಮುಂದಿನ ವಾರ ಅಂದಿರಬೇಕು. ಇವಳು ಶುರು ಮಾಡಿದಳು. 'ನೋ. ನಾಟ್ ನೆಕ್ಸ್ಟ್ ವೀಕ್. ಮೈ ಡಾಟರ್ ಈಸ್ ಫೋರ್. ಹೌಸ್ ಈಸ್ ಕೋಲ್ಡ್ ಟುಡೇ. ಸೋ ಯು ಕಮ್ ಟುಡೇ.' ಆಮೇಲೆ ಸುಮ್ಮನಾದಳು. ಆ ಕಡೆಯವನು ಏನಾದರೂ ಹೇಳುವ ತನಕ ಬಾಯೇ ಬಿಡಲಿಲ್ಲ. ನಾನಾಗಿದ್ದರೆ ಅಷ್ಟರಲ್ಲಿ ಎರಡು ಸಲ ಸಾರಿ ಹೇಳಿರುತ್ತಿದ್ದೆ.

ಸಂಜೆ ಐದೂವರೆಗೆ ಮೆಕ್ಯಾನಿಕ್ ಬಂದ.

ಇವಳು ಕೊಡಗಿನ ಸೋಮವಾರಪೇಟೆ ಕಡೆಯವಳು, ಪಿಯುಸಿ ತನಕ ಕನ್ನಡ ಮೀಡಿಯಂ. ಇಲ್ಲಿಗೆ ಬಂದ ಮೊದಲ ವರ್ಷ ಅಂಗಡಿಯಲ್ಲಿ ಸಾಮಾನು ಇಟ್ಟು, ಕಾರ್ಡ್ ತೋರಿಸಿ, ಒಂದು ನಗು ನಕ್ಕು ವಾಪಸ್ ಬರುತ್ತಿದ್ದವಳು. ನಾನೋ, ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿಗೆ 100ಕ್ಕೆ 87 ತೆಗೆದವನು, ಹನ್ನೊಂದು ವರ್ಷದಿಂದ ಇಂಗ್ಲಿಷಿನಲ್ಲೇ ಸಂಬಳ ಎಣಿಸುವವನು. ಖುಷಿಯಾಯಿತು, ನಿಜ. ಹೊಟ್ಟೆಯೊಳಗೆ ಸಣ್ಣಗೆ ಉರಿಯಿತು, ಅದೂ ನಿಜ.

'ಇದೆಲ್ಲ ಎಲ್ಲಿ ಕಲಿತೆ?' ಅಂದೆ.

'ಕ್ಲಾಸಲ್ಲಿ ಮಾಡಿದ್ವಲ್ಲಾ ರೀ. ಅಲ್ಲಿ ನಾನು ಇನ್ನೂ ಜೋರು.'

ಹೊರಗಿನಿಂದ ಬಂದವರಿಗೆ ಇಂಗ್ಲಿಷ್ ಕಲಿಸುವ ಆ ಕ್ಲಾಸು ನಡೆಯುವುದು ಒಂದು ಚರ್ಚಿನ ಹಾಲಿನಲ್ಲಿ, ವಾರಕ್ಕೆ ಎರಡು ದಿನ, ಎರಡೆರಡು ಗಂಟೆ. ಸುಡಾನಿನವರು, ಸಿರಿಯಾದವರು, ಉಕ್ರೇನಿನವರು, ಜಾಫ್ನಾ ಕಡೆಯ ಒಬ್ಬರು ಅಜ್ಜಿ, ಎಲ್ಲಾ ಸೇರಿ ಹದಿನಾಲ್ಕು ಜನ. ಡೆಸ್ಕ್ ಇಲ್ಲ. ಮೊದಲ ದಿನ ಮನೆಗೆ ಬಂದವಳೇ 'ಅದು ಕ್ಲಾಸ್ ಅಲ್ಲ ರೀ, ಹುಚ್ಚರ ಸಂತೆ' ಅಂದಿದ್ದಳು. ಟೀಚರಮ್ಮ ಒಂದು ಶಾಲು ಹೊದ್ದುಕೊಂಡು, ನಾನೀಗ ಮನೆ ಓನರ್, ನೀವು ಬಾಡಿಗೆಯವರು, ನಲ್ಲಿ ಸೋರುತ್ತಿದೆ, ಮಾತಾಡಿ ಅಂದರಂತೆ. ಶಾಲು ಹೊದ್ದ ಮೇಲೆ ಆ ಹೆಂಗಸು ಟೀಚರೇ ಅಲ್ಲವಂತೆ. ಸಿಡುಕುತ್ತಾರೆ, ಫೋನ್ ಇಟ್ಟುಬಿಡುತ್ತಾರೆ, ದುಡ್ಡಿಲ್ಲ ಅನ್ನುತ್ತಾರೆ. ಶಾಲು ತೆಗೆದರೆ ಮತ್ತೆ ಟೀಚರ್. ಸಿಟ್ಟು ಬಂದರೆ ಬೈಯಲೇಬೇಕು, ಬೈಯಲು ಬೇಕಾದ ಮಾತು ಇಲ್ಲದಿದ್ದರೆ ಅಲ್ಲೇ ಕೇಳಿ ಕಲಿತು ಬೈಯಬೇಕು.

ಟೀಚರೇ ಪಾತ್ರಕ್ಕಿಳಿಯುವ ಈ ಪದ್ಧತಿಗೆ ಇಲ್ಲಿ ದೊಡ್ಡ ಹೆಸರು ಡೊರೊಥಿ ಹೀತ್‌ಕೋಟ್. 1926ರಲ್ಲಿ ಯಾರ್ಕ್‌ಶೈರ್‌ನಲ್ಲಿ ಹುಟ್ಟಿದವರು. ಹದಿನಾಲ್ಕಕ್ಕೆ ಶಾಲೆ ಬಿಟ್ಟು ಉಣ್ಣೆ ಮಿಲ್ಲಿನಲ್ಲಿ ಮಗ್ಗಕ್ಕೆ ನಿಂತ ಹುಡುಗಿ ಆಮೇಲೆ ನಾಟಕ ಕಲಿತು, ಇದೇ ನ್ಯೂಕಾಸಲ್ ಯೂನಿವರ್ಸಿಟಿಯಲ್ಲಿ ಹತ್ತಾರು ವರ್ಷ ಮೇಷ್ಟ್ರುಗಳಿಗೇ ಪಾಠ ಹೇಳಿದರು. 2011ರಲ್ಲಿ ತೀರಿಕೊಂಡರು. ಅವರು ಇಂಗ್ಲಿಷ್ ಭಾಷೆಯ ಟೀಚರಲ್ಲ, ಯಾವ ಪಾಠವನ್ನಾದರೂ ಹೀಗೆ ಕಲಿಸಬಹುದು ಅಂದವರು. ಭಾಷೆ ಕಲಿಸುವವರು ಆಮೇಲೆ ಎತ್ತಿಕೊಂಡರು. ಇನ್ನೊಂದು ಉಪಾಯ ಬ್ರೆಜಿಲ್ಲಿನ ಅಗಸ್ಟೋ ಬೋಲ್ ಅವರದ್ದು. 1973ರಲ್ಲಿ ಪೆರುವಿನಲ್ಲಿ ಸರ್ಕಾರ ಅಕ್ಷರ ಕಲಿಸುವ ಕಾರ್ಯಕ್ರಮ ಮಾಡಿದಾಗ ಅವರು ನಾಟಕ ತೆಗೆದುಕೊಂಡು ಹೋಗಿದ್ದರು. ಆಟ ನೋಡುತ್ತಿರುವವನು 'ನಿಲ್ಲಿಸಿ' ಅಂತ ಕೂಗಿ, ಪಾತ್ರಧಾರಿಯನ್ನು ಕೂರಿಸಿ ತಾನೇ ಎದ್ದು ಆಡಬಹುದು. ನಮ್ಮವಳ ಕ್ಲಾಸಿನಲ್ಲೂ ಅದಿದೆ. ಸಿರಿಯಾದವರೊಬ್ಬರು ಡಾಕ್ಟರ ಅಪಾಯಿಂಟ್‌ಮೆಂಟ್ ಕೇಳಲಾಗದೆ ತಡವರಿಸುತ್ತಿದ್ದಾಗ ಇವಳು ಸ್ಟಾಪ್ ಅಂದು ಎದ್ದು ನಿಂತಳಂತೆ. ನಂಬಲು ನನಗೆ ಎರಡು ದಿನ ಬೇಕಾಯಿತು.

ಈಗ ನಮ್ಮ ಕಡೆಯ ಇಂಗ್ಲಿಷ್ ಪೀರಿಯಡ್ ನೆನಪು ಮಾಡಿಕೊಳ್ಳಿ. ನಾನು ಓದಿದ್ದು ಶನಿವಾರಸಂತೆ ಕಡೆಯ ಒಂದು ಶಾಲೆಯಲ್ಲಿ. ನಮಗೆ ಎ ಬಿ ಸಿ ಡಿ ಶುರುವಾದದ್ದೇ ಐದನೇ ಕ್ಲಾಸಿನಲ್ಲಿ. ಸರ್ ಒಂದು ಸಾಲು ಓದುವುದು, ಅದರ ಕನ್ನಡ ಹೇಳುವುದು, ಮುಂದಿನ ಸಾಲು. ರಾಮ ಕಿಲ್ಡ್ ಎ ಸ್ನೇಕ್. ಎ ಸ್ನೇಕ್ ವಾಸ್ ಕಿಲ್ಡ್ ಬೈ ರಾಮ. ಆ ಹಾವನ್ನು ನಾವು ಮೂರು ವರ್ಷ ಕೊಂದೆವು, ಒಂದು ಸಲವೂ ಯಾರೂ 'ಅಯ್ಯೋ ಹಾವು!' ಅಂತ ಇಂಗ್ಲಿಷಿನಲ್ಲಿ ಕಿರುಚಲಿಲ್ಲ. ನಮ್ಮ ಶಾಲೆಗೆ ಹೋಗುವ ದಾರಿಯಲ್ಲಿ ನಿಜವಾದ ಹಾವೇ ವಾರಕ್ಕೆರಡು ಸಿಗುತ್ತಿತ್ತು ಅಂದರೆ ನೋಡಿ. ಆಮೇಲೆ ಲೀವ್ ಲೆಟರ್. 'ಆಸ್ ಐ ಆಮ್ ಸಫರಿಂಗ್ ಫ್ರಮ್ ಫೀವರ್' ಇವತ್ತೂ ನಿದ್ದೆಯಲ್ಲಿ ಹೇಳುತ್ತೇನೆ. ಆದರೆ ಇಲ್ಲಿ ಮಗಳಿಗೆ ನಿಜವಾಗಿ ಜ್ವರ ಬಂದಾಗ ಫೋನ್ ಎತ್ತಿದ ರಿಸೆಪ್ಷನಿಸ್ಟ್ 'ಈಗ ಹೇಗಿದ್ದಾಳೆ?' ಅಂತ ಕೇಳಿದ ಒಂದು ಪ್ರಶ್ನೆಗೆ ನಾನು ಬೆಬ್ಬೆಬ್ಬೆ ಅಂದೆ. ಲೀವ್ ಲೆಟರಿನಲ್ಲಿ ಆ ಪ್ರಶ್ನೆ ಇರಲಿಲ್ಲ.

ಯಾರಾದರೂ ಬಾಯಿಬಿಟ್ಟು ತಪ್ಪು ಮಾತಾಡಿದರೆ ಮುಗಿಯಿತು. ನಮ್ಮ ಕ್ಲಾಸಿನ ಒಬ್ಬ ಹುಡುಗ 'ಸಾರ್, ಮೈ ಅಂಬ್ರೆಲಾ ಈಸ್ ಡೆಡ್' ಅಂದಿದ್ದ. ಮಳೆಗಾಲ, ಕೊಡೆಯ ಕಡ್ಡಿ ಮುರಿದಿತ್ತು ಪಾಪ. ಹತ್ತನೇ ಕ್ಲಾಸು ಮುಗಿಯುವ ತನಕ ಅವನಿಗೆ ಡೆಡ್ ಅಂಬ್ರೆಲಾ ಅಂತಲೇ ಹೆಸರು. ಅವನು ಆಮೇಲೆ ಇಂಗ್ಲಿಷಿನಲ್ಲಿ ಬಾಯಿ ತೆರೆಯಲಿಲ್ಲ. ನಾನೂ ತೆರೆಯಲಿಲ್ಲ, ಅವನನ್ನು ನೋಡಿ. ಈ ಚರ್ಚ್ ಹಾಲಿನಲ್ಲಿ ತಪ್ಪು ಮಾತಾಡುವುದು ನೀವಲ್ಲ, ಬಾಡಿಗೆಯವಳು. ಶಾಲು ತೆಗೆದರೆ ತಪ್ಪೂ ಹೋಯಿತು.

ನನಗೆ ಸಿಟ್ಟು ಬರುವುದು ಇಲ್ಲೇ. ಇದು ನಮಗೆ ಗೊತ್ತಿಲ್ಲದ್ದೇನಲ್ಲ. ನಮ್ಮ ಚಿಕ್ಕಪ್ಪ ಗೋಣಿಕೊಪ್ಪದ ಹತ್ತಿರ ಒಂದು ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಮೇ ತಿಂಗಳ ರಜೆಗೆ ಅಲ್ಲಿಗೆ ಹೋದಾಗ ವೇಷ ಹಾಕಿ ಬೈಯುವ ದೇವರಪುರದ ಕುಂಡೆ ಹಬ್ಬ ನೋಡಿದ್ದೇನೆ. ಸಾಹುಕಾರರು ಎದುರು ಬಂದರೆ ತಲೆ ಎತ್ತದೆ ದಾರಿ ಬಿಡುತ್ತಿದ್ದ ಆಳು, ಅವತ್ತು ಲಂಗ ಹಾಕಿ, ಮುಖಕ್ಕೆ ಬಣ್ಣ ಬಳಿದುಕೊಂಡು, ಡಬ್ಬ ಬಡಿಯುತ್ತಾ ಅದೇ ಸಾಹುಕಾರರ ಜೀಪು ಅಡ್ಡಹಾಕಿ ಬಾಯಿಗೆ ಬಂದಂತೆ ಬೈದು ಕಾಸು ಕೇಳಿದ್ದನ್ನು ಕಣ್ಣಾರೆ ಕಂಡವನು ನಾನು. ದೇವರನ್ನೇ ಬಿಡುವುದಿಲ್ಲ, ಸಾಹುಕಾರರು ಯಾವ ಲೆಕ್ಕ. ಮಾರನೇ ದಿನ ಮತ್ತೆ ತಲೆ ಕೆಳಗೆ. ವೇಷ ಹಾಕಿದರೆ ಬಾಯಿ ಬಿಚ್ಚುತ್ತದೆ ಅನ್ನುವುದನ್ನು ಕೊಡಗಿನವರಿಗೆ ಯಾರ್ಕ್‌ಶೈರಿನವರು ಬಂದು ಹೇಳಬೇಕಾ?

ನಾಟಕಕ್ಕೂ ಕಡಿಮೆ ಇಲ್ಲ. ಕೊಡವ ತಕ್ಕ್‌ನಲ್ಲಿ, ಅಂದರೆ ಕೊಡವ ಭಾಷೆಯಲ್ಲಿ, ಹರದಾಸ ಅಪ್ಪಚ್ಚ ಕವಿ 1906ರಲ್ಲೇ ಯಯಾತಿಯ ನಾಟಕ ಬರೆದಿದ್ದರು. ಮಡಿಕೇರಿ ದಸರಾದಲ್ಲಿ ದೇವರ ಕಥೆಯ ಬೊಂಬೆಗಳನ್ನು ಹೊತ್ತು ಮೆರವಣಿಗೆ ಹೊರಡುವ ಹತ್ತು ಮಂಟಪಗಳ ಹಿಂದೆ ಚಳಿಯಲ್ಲಿ ನಡುಗುತ್ತಾ ಬೆಳಗಿನ ತನಕ ಸುತ್ತದವರು ಯಾರಿದ್ದಾರೆ? ನಮ್ಮವಳು ನನಗೆ ಕ್ಲಾಸಿನ ಒಂದು ಆಟ ವಿವರಿಸಿದ್ದೇ ಮಂಟಪದ ಲೆಕ್ಕದಲ್ಲಿ. ನಾಲ್ಕು ಜನ ಫೋಟೋದ ಹಾಗೆ ಅಲ್ಲಾಡದೆ ನಿಲ್ಲಬೇಕು, ಒಬ್ಬಳು ಬಸ್ ತಪ್ಪಿಸಿಕೊಂಡವಳು, ಒಬ್ಬ ಡ್ರೈವರ್, ಹೀಗೆ. ಟೀಚರ್ ಬಂದು ಯಾರ ಹೆಗಲು ಮುಟ್ಟುತ್ತಾರೋ ಅವರು ಆ ಕ್ಷಣ ಮನಸ್ಸಿನಲ್ಲಿರುವುದನ್ನು ಒಂದೇ ವಾಕ್ಯದಲ್ಲಿ ಹೇಳಬೇಕು. 'ನಮ್ಮ ಮಂಟಪದಲ್ಲಿ ಸ್ವಿಚ್ ಒತ್ತಿದ ತಕ್ಷಣ ಮಹಿಷಾಸುರ ಎದ್ದು ಡೈಲಾಗ್ ಹೊಡೀತಾನಲ್ಲಾ, ಹಂಗೇ' ಅಂದಳು.

ನಮ್ಮ ಇಂಗ್ಲಿಷ್ ಸರ್ ಕೂಡ ನಾಟಕದವರೇ! ಸ್ಕೂಲ್ ಡೇಗೆ ನಮಗೆ ನಾಟಕ ಕಲಿಸುತ್ತಿದ್ದವರು ಅವರೇ, ಅದೂ ಎಷ್ಟು ಚೆನ್ನಾಗಿ. ಕಂಸನಾಗಿ ನಾನು ನಗಬೇಕಿತ್ತು. ಹೊಟ್ಟೆಯಿಂದ ನಗು ಕಣೋ, ಗಂಟಲಿಂದ ಅಲ್ಲ ಅಂತ ಒಂದು ವಾರ ತಿದ್ದಿದ್ದರು. ಆ ಮನುಷ್ಯನೇ ಬೆಳಗ್ಗೆ ಹನ್ನೊಂದರ ಇಂಗ್ಲಿಷ್ ಪೀರಿಯಡ್ಡಿಗೆ ಬಂದರೆ ಕೋಲು, ಪುಸ್ತಕ, ಹಾವು. ನಾಟಕ ಸಂಜೆಯ ಬಾಬತ್ತು, ಪಾಠ ಬೆಳಗಿನ ಬಾಬತ್ತು. ನಡುವೆ ಗೋಡೆ ಕಟ್ಟಿದವರು ಯಾರೋ.

ಇಂಗ್ಲಿಷಿಗೆ ಆ ಹೊಟ್ಟೆಯ ನಗು ಜಾಸ್ತಿ ಬೇಕು ಅನ್ನುವುದು ನನಗೆ ಇತ್ತೀಚೆಗೆ ಹೊಳೆದದ್ದು. ಕನ್ನಡದಲ್ಲಿ ನಾವು ಒಂದು 'ಏ' ಸೇರಿಸಿ ಕೆಲಸ ಮುಗಿಸುತ್ತೇವೆ. ನಾನೇ ಹೇಳಿದ್ದು, ನಿಮಗೇ ಹೇಳಿದ್ದು, ಸೋಮವಾರವೇ ಹೇಳಿದ್ದು. ಇಂಗ್ಲಿಷಿನಲ್ಲಿ ಮೂರಕ್ಕೂ ಒಂದೇ ವಾಕ್ಯ ಸಾಕು, 'ಐ ಟೋಲ್ಡ್ ಯು ಆನ್ ಮಂಡೇ.' ಐ ಮೇಲೆ ಒತ್ತಿದರೆ ಒಂದರ್ಥ, ಯು ಮೇಲೆ ಒತ್ತಿದರೆ ಇನ್ನೊಂದು, ಮಂಡೇ ಮೇಲೆ ಒತ್ತಿದರೆ ಏಜೆಂಟ್ ಬೆವರುತ್ತಾನೆ. ಈ ಒತ್ತು ಪುಸ್ತಕದಲ್ಲಿ ಕಾಣುವುದಿಲ್ಲ. ಎಲ್ಲ ಪದಕ್ಕೂ ಸಮನಾಗಿ ಒತ್ತು ಹಾಕಿ, ಮಗ್ಗಿ ಹೇಳಿದ ಹಾಗೆ ಹೇಳುವವರು ನಾವು. ಮರ್ಯಾದೆಯದ್ದೂ ಅದೇ ಕಥೆ. ನಮಗೆ 'ಕೊಡಿ' ಅಂದರೆ ಮರ್ಯಾದೆ ಆ ಪದದಲ್ಲೇ ಬಂತು. 'ಗಿವ್ ಮಿ ವಾಟರ್' ಅಂದಾಗ ಅದು ಉದುರಿಹೋಗಿರುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಎದುರಿಗಿರುವವರ ಮುಖ ಕೆಡಬೇಕು, ಆಗ ಗೊತ್ತಾಗುತ್ತದೆ. ನಮ್ಮವಳ ಟೀಚರ್ ಮುಖ ಕೆಡಿಸಿಯೇ ತೋರಿಸುತ್ತಾರಂತೆ.

ಇದನ್ನೆಲ್ಲ ನಾನು ಅಕ್ಕನಿಗೆ ಫೋನಿನಲ್ಲಿ ಹೇಳಿದೆ. ಅಕ್ಕ ಸೋಮವಾರಪೇಟೆ ತಾಲೂಕಿನ ಒಂದು ಸರ್ಕಾರಿ ಪ್ರೈಮರಿ ಶಾಲೆಯಲ್ಲಿ ಟೀಚರ್. ಸ್ವಲ್ಪ ಭಾಷಣದ ಹಾಗೇ ಹೇಳಿದೆ ಅಂತ ಕಾಣುತ್ತದೆ.

'ಆಯ್ತೇನೋ ನಿನ್ನದು?' ಅಂದಳು. 'ನಿಮ್ಮ ಮೇಡಂಗೆ ಹದಿನಾಲ್ಕು ಜನ, ಒಂದೇ ಪಾಠ. ನಂಗೆ ಒಂದು, ಎರಡು, ಮೂರನೇ ಕ್ಲಾಸು ಒಟ್ಟಿಗೆ, ಒಂದೇ ರೂಮಲ್ಲಿ. ಜುಲೈಯಲ್ಲಿ ಬಾ ಇಲ್ಲಿಗೆ. ಶೀಟಿನ ಮೇಲೆ ಮಳೆ ಹೊಡೆಯುವಾಗ ಅದೇನು ಒತ್ತು ಹಾಕ್ತೀಯೋ ಹಾಕು, ನೋಡ್ತೀನಿ.'

ಆಮೇಲೆ ಹೇಳಿದ್ದು ಕೇಳಿ ನಾನು ಸುಮ್ಮನಾದೆ. ಸರ್ಕಾರಿ ಶಾಲೆಗಳಲ್ಲಿ 2007ರಿಂದ ಇಂಗ್ಲಿಷ್ ಒಂದನೇ ಕ್ಲಾಸಿಗೇ ಬಂದಿದೆ. ಆಡುತ್ತಾ ಕಲಿಯುವ ನಲಿ ಕಲಿ ಪದ್ಧತಿ ಅಂತೂ 1995ರಲ್ಲಿ ನಮ್ಮ ಪಕ್ಕದ ಎಚ್.ಡಿ.ಕೋಟೆಯಲ್ಲೇ ಶುರುವಾದದ್ದು, ಹಾಡು, ಆಟ, ಕಾರ್ಡು ಎಲ್ಲ ಅದರಲ್ಲೇ ಇದೆ. ಅಕ್ಕ ಎಷ್ಟೋ ವರ್ಷದಿಂದ ಶನಿವಾರ ಬೆಳಗ್ಗೆ ಮಕ್ಕಳಿಗೆ ಸಂತೆ ಆಟ ಆಡಿಸುತ್ತಾಳಂತೆ, ಇಂಗ್ಲಿಷಿನಲ್ಲಿ. ಬೆಂಕಿಪೊಟ್ಟಣ ಸೋಪು, ಕಾಫಿ ಎಲೆ ಒಣಮೀನು, ಕಲ್ಲು ಬಟಾಣಿ. ಯಾರ್ಕ್‌ಶೈರಿನ ಹೀತ್‌ಕೋಟ್ ಹೆಸರು ಅವಳು ಕೇಳಿಯೇ ಇಲ್ಲ. ನನಗೆ ಯಾಕೆ ಹೇಳಲಿಲ್ಲ ಅಂದರೆ, 'ನೀನು ಫೋನ್ ಮಾಡಿದ್ರೆ ನಿಮ್ಮ ಊರಿಂದು ಹೇಳೋದ್ರಲ್ಲೇ ಮುಗಿಯುತ್ತಲ್ಲ' ಅಂದಳು.

ಇರಲಿ, ಇನ್ನೂ ಒಂದೆರಡು ಒಪ್ಪಿಕೊಂಡುಬಿಡುತ್ತೇನೆ. ನಮ್ಮವಳಿಗೆ ಇವತ್ತಿಗೂ ನಾಲ್ಕು ಸಾಲಿನ ಈಮೇಲ್ ಬರೆಯಲು ಬರುವುದಿಲ್ಲ. ಕೌನ್ಸಿಲ್‌ನ ಫಾರಂ ಬಂದರೆ ನನ್ನ ಮುಂದೆಯೇ ಇಡುತ್ತಾಳೆ. ನನ್ನ ಕೈಗೆ ಕೆಲಸ ಕೊಟ್ಟದ್ದು ಸರ್ ಕೊಂದ ಆ ಹಾವೇ, ಒಂದು ಕಾಮಾ ತಪ್ಪದ ಹಾಗೆ ಬರೆಯುವುದನ್ನು ಕಲಿಸಿದವರು ಅವರೇ. ಅವರ ಮುಂದೆ ಇದ್ದದ್ದು ಐವತ್ತೆರಡು ಮಕ್ಕಳು. ಅವರಿಗೂ ಯಾರೂ ಇಂಗ್ಲಿಷಿನಲ್ಲಿ ಮಾತಾಡಿಸಿ ಕಲಿಸಿರಲಿಕ್ಕಿಲ್ಲ. ಚರ್ಚ್ ಹಾಲಿನ ಕ್ಲಾಸಿಗೂ ಎಲ್ಲರೂ ಒಗ್ಗುವುದಿಲ್ಲ. ಸುಡಾನಿನ ಒಬ್ಬರು ಹಿರಿಯರು ಎರಡೇ ವಾರಕ್ಕೆ ಬಿಟ್ಟುಬಿಟ್ಟರಂತೆ, ನಾನು ಭಾಷೆ ಕಲಿಯಲು ಬಂದದ್ದು, ಈ ವಯಸ್ಸಿನಲ್ಲಿ ಕುಣಿಯಲಿಕ್ಕಲ್ಲ ಅಂತ. ಅವರ ಜಾಗದಲ್ಲಿ ನಮ್ಮಪ್ಪ ಇದ್ದಿದ್ದರೆ ಎರಡು ವಾರವೂ ಇರುತ್ತಿರಲಿಲ್ಲ.

ಮೊನ್ನೆ ಶನಿವಾರ ಅಕ್ಕ ಒಂದು ವಾಯ್ಸ್ ಮೆಸೇಜ್ ಕಳಿಸಿದಳು. ಹಿಂದೆ ಮಳೆಯ ಸದ್ದು, ಮಕ್ಕಳ ಗಲಾಟೆ. ಒಬ್ಬ ಹುಡುಗ ಮೀನು ಮಾರುವವನು. 'ಫಿಶ್ ನೋ ಮೇಡಂ! ರೇನ್ ಕಮ್, ಬಸ್ ನೋ ಕಮ್, ಫಿಶ್ ನೋ ಕಮ್!' ಅಂತ ಗಂಟಲು ಹರಿಯುವ ಹಾಗೆ ಕೂಗುತ್ತಿದ್ದಾನೆ. ಕೊನೆಯ 'ನೋ' ಮೇಲೆ ಎಂಥ ಒತ್ತು!

'ದೇರ್ ಈಸ್ ನೋ ಫಿಶ್ ಅನ್ನಬೇಕು' ಅಂತ ನಾನು ಟೈಪ್ ಮಾಡುತ್ತಿದ್ದೆ. ನಮ್ಮವಳು ಫೋನ್ ಕಿತ್ತುಕೊಂಡು ಮೈಕ್ ಒತ್ತಿದಳು.

'ನೋ ಫಿಶ್? ಓಕೆ. ದೆನ್ ಗಿವ್ ಮಿ ಮೈ ಹಂಡ್ರೆಡ್ ರುಪೀಸ್ ಬ್ಯಾಕ್!'