ಮಾವನ ಮಗಳು, ಕಾಕಾನ ಮಗಳು
ಆಕರ್ಷಣೆ ಬರೀ ಹಾರ್ಮೋನಿನ ಆಟ ಅಂತ ಒಂದು ಲೇಖನದಲ್ಲಿ ಓದಿದೆ. ನಾನು ಒಪ್ಪುವುದಿಲ್ಲ. ನಮ್ಮ ಗದಗ, ಹಾವೇರಿ ಕಡೆ ಎಷ್ಟೋ ಮನೆಗಳಲ್ಲಿ ಸೋದರಮಾವನ ಮಗಳನ್ನು ಮದುವೆಯಾಗುವುದು ಹಳೇ ರೂಢಿ. ಕಾಕಾನ, ಅಂದರೆ ಅಪ್ಪನ ತಮ್ಮನ, ಮಗಳು ಮಾತ್ರ ತಂಗಿ. ರಕ್ತದ ಲೆಕ್ಕದಲ್ಲಿ ಇಬ್ಬರೂ ಅಷ್ಟೇ ಹತ್ತಿರ, ಅಲ್ವಾ? ಆದರೂ ಒಬ್ಬಳ ಮುಂದೆ ಹುಡುಗ ನಾಚುತ್ತಾನೆ, ಇನ್ನೊಬ್ಬಳ ಜೊತೆ ಶೇಂಗಾ ಚಟ್ನಿಗೆ ಜಗಳವಾಡುತ್ತಾನೆ. ಅದೇ ಓಣಿಯ ಮುಸ್ಲಿಮರಲ್ಲಿ ಕಾಕಾನ ಮಗಳನ್ನೂ ಮದುವೆಯಾಗಬಹುದು. ಹಾರ್ಮೋನು ಓಣಿಯೊಳಗೆ ಬದಲಾಗುತ್ತದೆಯೇ?

1955ರ ಹಿಂದೂ ವಿವಾಹ ಕಾಯ್ದೆ ಕೂಡ ಹತ್ತಿರದ ನಂಟಿನ ಮದುವೆಗೆ ತಡೆ ಹಾಕಿ, ರೂಢಿ ಇದ್ದಲ್ಲಿ ಬಿಟ್ಟುಕೊಟ್ಟಿದೆ.

ತೊಟ್ಟಿಲಲ್ಲಿದ್ದಾಗಲೇ 'ಇವಳೇ ನಿನ್ನ ಹೆಂಡ್ತಿ ನೋಡು' ಅಂತ ಅಜ್ಜಿಯಂದಿರು ಕಾಡಿಸುತ್ತಾರೆ. ಹುಡುಗಿಯನ್ನು ಯಾರೂ ಕೇಳುವುದಿಲ್ಲ, ಇದೇ ನನಗೆ ಜಾಸ್ತಿ ಬೇಸರ. ಹುಬ್ಬಳ್ಳಿಗೆ ಓದಲು ಹೋದವಳು ಬೇರೆಯವನನ್ನು ಮೆಚ್ಚಿದರೆ ಹುಡುಗನ ಮನೆಯವರು ವರ್ಷಗಟ್ಟಲೆ ಮಾತು ಬಿಡುತ್ತಾರೆ.